ಜಗುಲಿಗೆ ಬಂದು ಕೂತ ತೂಕ

ನಮ್ಮೂರಿನಲ್ಲಿ ಅವಸರದಿಂದ ಮೈ ಬಿಟ್ಟ ತೂಕ ಊರು ಬಿಡುವುದಿಲ್ಲ. ಅದನ್ನು ಕಳೆದುಕೊಂಡವರ ಮನೆಯ ಜಗುಲಿಗೆ ಬಂದು ಕೂರುತ್ತದೆ. ನಾನು ಹೊರಗಿನಿಂದ ಸೊಸೆಯಾಗಿ ಬಂದವಳು. ಬಂದ ವಾರವೇ ಎದುರುಮನೆಯ ಖಾಸಿಂಬಿ ನನ್ನನ್ನು ಕರೆದು ಹೇಳಿದ್ದಳು. ಅವಳದು ಮಂಡಕ್ಕಿ ಭಟ್ಟಿ. ಕಾದ ಮರಳಿನ ವಾಸನೆ ಅವಳ ಸೀರೆಯ ಸೆರಗಿನಲ್ಲೇ ಇರುತ್ತಿತ್ತು. "ಖಾಲಿ ಐತೆ ಅಂತ ಯಾರ ಜಗುಲಿ ಮೇಲೂ ಪಟ್ಟಂತ ಕೂತುಬಿಡಬೇಡ ತಾಯಿ. ಮೊದ್ಲು ಚಾಪೆ ನೋಡು. ಚಾಪೆ ತಗ್ಗಿದ್ರೆ ಅಲ್ಲಿ ಯಾರೋ ಕೂತಿದಾರೆ ಅಂತ ತಿಳ್ಕೋ."

ಗರಡಿಯ ಪೈಲ್ವಾನ ಕುಸ್ತಿಗೆಂದು ಹತ್ತು ದಿನದಲ್ಲಿ ಇಳಿಸಿದ ಏಳು ಕಿಲೋ ಅವನ ಜಗುಲಿಯಲ್ಲಿ ಒಂದು ತಿಂಗಳು ಕೂತಿತ್ತಂತೆ. ಟಪಾಲಿನವನು ಅದನ್ನು ಬಳಸಿಕೊಂಡು ಹೋಗಿ ಕಾಗದ ಕೊಡುತ್ತಿದ್ದನಂತೆ. ಕುಸ್ತಿ ಮುಗಿಸಿ ಪೈಲ್ವಾನ ಮನೆಗೆ ಬಂದು ಹೊಸಿಲು ದಾಟುವಾಗ ಅದೂ ಎದ್ದು ಅವನ ಹಿಂದೆಯೇ ಒಳಗೆ ಹೋಯಿತಂತೆ. ನಿಧಾನವಾಗಿ, ವರ್ಷವೊಪ್ಪತ್ತಿನಲ್ಲಿ ಇಳಿದ ತೂಕ ಮಾತ್ರ ಹೀಗೆ ಕಾಯುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆಂದು ಯಾರೂ ಕಂಡಿಲ್ಲ, ಯಾರೂ ಕೇಳುವುದೂ ಇಲ್ಲ.

ನನ್ನ ಅತ್ತೆಯ ಹೆಸರು ನಾಗಲಾಂಬಿಕೆ. ಊರಿಗೆಲ್ಲ ನಾಗಲಕ್ಕ. ಕೆರೆಯ ಏರಿಯ ಮೇಲಿನ ಮಂಟಪದಲ್ಲಿ ಶ್ರಾವಣ ಮಾಸವಿಡೀ ಪುರಾಣ ಓದುವವರು ಅವರೇ. ಓದುವುದೆಂದರೆ ಹಾಡಿ ಓದುವುದು, ಷಟ್ಪದಿಯ ಲಯ ತಪ್ಪದ ಹಾಗೆ ರಾಗ ಹಿಡಿದು. ನಾನು ಆ ಮನೆಗೆ ಸೊಸೆಯಾಗಿ ಬಂದದ್ದೇ ಆ ದನಿಯ ಆಸೆಗೆ ಎಂದರೆ ಸುಳ್ಳಲ್ಲ. ನಮ್ಮಪ್ಪ ನನ್ನನ್ನು ಮೂರನೇ ವಯಸ್ಸಿನಿಂದ ತೊಡೆಯ ಮೇಲೆ ಕೂರಿಸಿಕೊಂಡು ಊರೂರು ತಿರುಗಿ ಓದು ಕೇಳಿಸಿದವರು. "ಕೇಳುವವರ ಕಿವಿ ತೆರೆದಿರಬೇಕು, ಬಾಯಿಗೆ ಬೀಗ ಬಿದ್ದಿರಬೇಕು" ಎನ್ನುತ್ತಿದ್ದರು. ಎಷ್ಟೋ ಪದ್ಯಗಳು ನನಗೆ ಬಾಯಿಪಾಠವಾಗಿದ್ದವು. ಆದರೆ ಒಂದು ದಿನವೂ ನಾನು ದನಿ ತೆಗೆದವಳಲ್ಲ.

ಷಟ್ಪದಿಗೆ ಆರು ಸಾಲು. ಮೂರನೆಯದೂ ಆರನೆಯದೂ ಉಳಿದವಕ್ಕಿಂತ ಉದ್ದ. ಸಾಮಾನ್ಯ ಗಂಟಲಿನವರು ಆ ಉದ್ದದ ಸಾಲಿನ ನಡುವೆ ಒಮ್ಮೆ ಉಸಿರು ಕದ್ದು ಎಳೆದುಕೊಳ್ಳುತ್ತಾರೆ. ಅತ್ತೆ ಕದಿಯುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ, ತುಂಬಿದ ಕೊಡವನ್ನು ಹೊತ್ತವಳು ಏರಿ ಇಳಿಯುವ ಹಾಗೆ, ಒಂದು ಹನಿ ತುಳುಕದಂತೆ ದಾಟಿಬಿಡುತ್ತಿದ್ದರು. ಅವರು ಆ ಸಾಲು ಮುಗಿಸಿ ನಿಲ್ಲಿಸಿದಾಗ ಕೇಳುತ್ತಿದ್ದ ನಮಗೆಲ್ಲ ಉಸಿರು ಬಿಟ್ಟ ಹಾಗಾಗುತ್ತಿತ್ತು.

ಅತ್ತೆಯದು ದೊಡ್ಡ ಮೈ. ಊರಿಗೆ ಅದು ಹೆಮ್ಮೆಯೇ. ಓದು ಮುಗಿಯುವ ದಿನ ಬೆಳಿಗ್ಗೆ ಓದಿದವರನ್ನು ತಕ್ಕಡಿಯಲ್ಲಿ ಕೂರಿಸಿ ಅವರ ತೂಕದಷ್ಟು ಅಕ್ಕಿ ತೂಗುವುದು, ಮಧ್ಯಾಹ್ನ ಮಂಗಳದ ಪದ್ಯ ಆದ ಮೇಲೆ ಅದೇ ಅಕ್ಕಿಯ ಅನ್ನ ಊರಿಗೆ ಬಡಿಸುವುದು ಪದ್ಧತಿ. "ನಾಗಲಕ್ಕ ಓದಿದ್ರೆ ಕಿವೀನೂ ಹೊಟ್ಟೇನೂ ಒಂದೇ ಸಲ ತುಂಬುತ್ತೆ" ಎಂದು ಮಂಟಪದ ಯಜಮಾನ ಉಜ್ಜಿನಪ್ಪ ವರ್ಷಾ ವರ್ಷಾ ಹೇಳುವ ಮಾತು.

ಆದರೆ ಆ ಮಂಟಪಕ್ಕೆ ಇಪ್ಪತ್ತೆರಡು ಮೆಟ್ಟಿಲು. ಹಿಂದಿನ ಶ್ರಾವಣದಲ್ಲಿ ಅತ್ತೆ ನಾಲ್ಕು ಕಡೆ ಕೂತು ಹತ್ತಿದ್ದರು. ಇಳಿಯುವಾಗ ಮಂಡಿ ಹಿಡಿದುಕೊಂಡು ಕಣ್ಣಲ್ಲಿ ನೀರು. ಜ್ಯೇಷ್ಠ ಮಾಸದಲ್ಲಿ ಡಾಕ್ಟರ್ ವಾಮನಮೂರ್ತಿಗಳ ಹತ್ತಿರ ಕರೆದುಕೊಂಡು ಹೋದೆ. ಅವರು ಮಂಡಿ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

"ಸ್ವಲ್ಪ ತೂಕ ಇಳಿಸಿ ತಾಯಿ. ಮುದ್ದೆ ಅಷ್ಟು ದೊಡ್ಡದು ಬೇಡ, ಅನ್ನ ಒಂದು ಹಿಡಿ ಕಮ್ಮಿ, ಪಲ್ಯ ಜಾಸ್ತಿ. ಸಂಜೆ ಏರಿ ಮೇಲೆ ನಡೀರಿ. ಒಂದು ವರ್ಷದಲ್ಲಿ ಮಂಡಿ ನಿಮ್ಮ ಮಾತು ಕೇಳುತ್ತೆ."

"ವರ್ಷಾನಾ? ಶ್ರಾವಣಕ್ಕೆ ನಲವತ್ತು ದಿನ ಐತೆ ಡಾಕ್ಟ್ರೇ."

"ಮಂಡಿಗೆ ಪಂಚಾಂಗ ಓದೋಕೆ ಬರಲ್ಲ."

ಅತ್ತೆ ನಗಲಿಲ್ಲ.

ಅದೇ ವಾರ ಅವರ ತಂಗಿ ವರಸೆಯ ಸರ್ವಮಂಗಳಮ್ಮ ಬೇರೆ ಊರಿನಿಂದ ಬಂದರು. ಹೋದ ವರ್ಷ ಬಾಗಿಲು ತುಂಬ ಬಂದಿದ್ದವರು ಈ ಸಲ ಬಾಗಿಲ ಸಂದಿಯಲ್ಲಿ ಬಂದ ಹಾಗೆ ಬಂದರು. ಅತ್ತೆ ಅವರ ರಟ್ಟೆ ಹಿಡಿದು ನೋಡಿದ್ದೇ ನೋಡಿದ್ದು.

"ಏನು ಮಾಡ್ದೆ ಮಂಗಳಿ?"

"ಏನಿಲ್ಲ ಕಣಕ್ಕ. ಅಕ್ಕಿ, ರಾಗಿ, ಜೋಳ, ಗೋಧಿ, ಬೆಲ್ಲ ಇಷ್ಟೂ ಬಂದ್. ಬೆಣ್ಣೆ ತಿನ್ನು, ಪನೀರು ತಿನ್ನು, ಸೊಪ್ಪು, ಸೌತೆಕಾಯಿ ತಿನ್ನು. ಒಂದು ತಿಂಗಳಿಗೆ ಹತ್ತು ಕಿಲೋ."

"ಆ ಹತ್ತು ಕಿಲೋ ಎಲ್ಲಿ ಕೂತೈತೆ ಈಗ?"

"ನಮ್ಮೂರಲ್ಲಿ ಜಗುಲಿಗೆ ಬರಲ್ಲಕ್ಕ. ಎಲ್ಲಿ ಹೋಯ್ತೋ, ಹೋಯ್ತು!"

ಅತ್ತೆ ಮರುದಿನವೇ ಮುದ್ದೆ ಬಿಟ್ಟರು. ನಾನು ಅಡುಗೆಮನೆಯಲ್ಲಿ ಹಿಟ್ಟಿನ ಕೋಲು ಹಿಡಿದು ನಿಂತೇ ಇದ್ದೆ. "ಅತ್ತೆ, ಡಾಕ್ಟ್ರು ಒಂದು ಹಿಡಿ ಕಮ್ಮಿ ಮಾಡಿ ಅಂದ್ರು, ಪೂರಾ ಬಿಡಿ ಅನ್ನಲಿಲ್ಲ" ಅಂದೆ. "ಕೊಟ್ರೀ, ಶ್ರಾವಣದಲ್ಲಿ ಆ ಮೆಟ್ಟಿಲನ್ನ ನೀನು ಹತ್ತುತೀಯೋ ನಾನು ಹತ್ತುತೀನೋ?" ಅಂದರು. ಮಾತು ಮುಗಿಯಿತು.

ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಧಾನ್ಯ ಬಿಟ್ಟು ಬದುಕುವುದೆಂದರೆ ಹುಡುಗಾಟವಲ್ಲ. ಬೆಳಗಾದರೆ ಎದುರುಗಡೆ ಮರಳು ಕಾಯುವ ವಾಸನೆ, ಅಕ್ಕಿ ಅರಳುವ ಚಟಪಟ. ಅತ್ತೆ ಕಿಟಕಿ ಮುಚ್ಚಿಸಿದರು. ಬೆಣ್ಣೆ ಹಚ್ಚಿದ ಸೌತೆಕಾಯಿ ಹೋಳನ್ನು ಔಷಧಿ ನುಂಗುವ ಹಾಗೆ ನುಂಗುತ್ತಿದ್ದರು. ಮೊದಲ ವಾರವೇ ನಾಲ್ಕು ಕಿಲೋ ಇಳಿಯಿತು. ಅವರ ಖುಷಿಗೆ ಪಾರವಿರಲಿಲ್ಲ. ಬಳೆ ಮುಂಗೈಯಿಂದ ಮೊಣಕೈಗೆ ಜಾರಿಸಿ ತೋರಿಸುತ್ತಿದ್ದರು. ಎರಡನೇ ವಾರ ತಲೆನೋವು ಶುರುವಾಯಿತು. ಬಾಯಿಂದ ಒಂದು ಬಗೆಯ ಮಾಗಿದ ಹಣ್ಣಿನ ವಾಸನೆ. ಹೊಟ್ಟೆ ಕಟ್ಟಿ ಎರಡೆರಡು ದಿನ ಒದ್ದಾಟ. ಎಂದೂ ಗದರದವರು ಹಾಲಿನವನ ಮೇಲೆ ರೇಗಿದರು. ಸ್ನಾನದಿಂದ ಏಳುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದರು. "ಇದೆಲ್ಲ ಇಳಿಯೋ ಲಕ್ಷಣ" ಎಂದು ಅವರೇ ಸಮಾಧಾನ ಹೇಳಿಕೊಂಡರು.

ಹನ್ನೆರಡನೆಯ ದಿನವೋ ಏನೋ, ಬೆಳಿಗ್ಗೆ ಜಗುಲಿ ಸಾರಿಸಲು ಹೋದವಳು ನಿಂತುಬಿಟ್ಟೆ. ಕಂಬದ ಪಕ್ಕದ ಈಚಲ ಚಾಪೆ ನಡುವೆ ತಗ್ಗಿತ್ತು. ಬೀದಿನಾಯಿ ಮೂಗು ಚಾಚಿ ನೋಡಿ, ಬಾಲ ಮುದುರಿಕೊಂಡು ದೂರ ಬಳಸಿ ಹೋಯಿತು. ಎದುರಿನಿಂದ ಖಾಸಿಂಬಿ ಕೂಗಿದಳು: "ಬಂದ್ರೇನು?"

"ಬಂದಿದಾರೆ."

"ಒಬ್ರೇ ಕೂತಿದಾರಲ್ಲ, ಪಾಪ."

ಆ ಮಾತು ನನಗೆ ತಾಗಿತು. ನಾನು ಬೆಳೆದ ಮನೆಯಲ್ಲಿ ಜಗುಲಿಗೆ ಬಂದು ಕೂತವರನ್ನು ಹೆಸರು ಕುಲ ಕೇಳುವ ಮೊದಲು ಒಂದು ತುತ್ತು ಏನಾದರೂ ಕೊಟ್ಟು ಆದರಿಸುತ್ತಿದ್ದರು. ಅತಿಥಿಯನ್ನು ಬರಿಗೈಯಲ್ಲಿ ಕೂರಿಸಿದ ಮನೆಯಲ್ಲಿ ದೇವರು ನಿಲ್ಲುವುದಿಲ್ಲ ಎಂದು ಎಷ್ಟು ಪದ್ಯಗಳಲ್ಲಿ ಕೇಳಿಲ್ಲ ನಾನು! ಅತ್ತೆ ಬಿಟ್ಟ ಅನ್ನ ಮನೆಯಲ್ಲಿ ಮಿಗುತ್ತಲೂ ಇತ್ತು. ಸಂಜೆ ಒಂದು ಮೊರದಲ್ಲಿ ಖಾಸಿಂಬಿ ಕೊಟ್ಟ ಬಿಸಿ ಮಂಡಕ್ಕಿ, ಮೇಲೊಂದು ಉಂಡೆ ಬೆಲ್ಲ ಇಟ್ಟು ಚಾಪೆಯ ಮುಂದೆ ಇಟ್ಟೆ. ದೀಪ ಹಚ್ಚಿ ಬರುವಷ್ಟರಲ್ಲಿ ಮೊರ ಖಾಲಿ.

ಮರುದಿನವೂ ಇಟ್ಟೆ. ಅದನ್ನು ನೋಡಿ ಬೀದಿಯವರು ಸುಮ್ಮನಿರುತ್ತಾರೆಯೇ? ಹೋಗುವವರು ಬರುವವರು "ನಾಗಲಕ್ಕನದಲ್ವೇ, ಹೊರಗಿನದಲ್ಲವಲ್ಲ" ಎಂದು ಒಬ್ಬರು ಒಬ್ಬಟ್ಟು, ಒಬ್ಬರು ಚಿತ್ರಾನ್ನ, ಒಬ್ಬರು ಎರಡು ಬಾಳೆಹಣ್ಣು ಇಟ್ಟುಹೋಗುತ್ತಿದ್ದರು. ಅತ್ತೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ತಮ್ಮ ತೂಕದ ಮುಖ ನೋಡಬಾರದೆಂದು ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದರು.

ಶ್ರಾವಣ ಬಂತು. ಮೊದಲ ದಿನ ಅತ್ತೆ ಇಪ್ಪತ್ತೆರಡು ಮೆಟ್ಟಿಲನ್ನು ನಡುವೆ ಒಂದೇ ಒಂದು ಕಡೆ ನಿಂತು ಹತ್ತಿದರು. ಕೆಳಗೆ ನಿಂತ ಜನ ಚಪ್ಪಾಳೆ ತಟ್ಟಿದರು. ಅತ್ತೆ ಮೇಲಿನಿಂದ ಹೊಸ ಮದುಮಗಳ ಹಾಗೆ ತಿರುಗಿ ನೋಡಿ ನಕ್ಕರು. ಆ ನಗುವನ್ನು ನಾನು ಮರೆಯಲಾರೆ. ಸರ್ವಮಂಗಳಮ್ಮ ಹೇಳಿದ್ದು ಸುಳ್ಳಲ್ಲ ಎಂದು ನನಗೂ ಆ ಕ್ಷಣ ಅನ್ನಿಸಿತು.

ವ್ಯಾಸಪೀಠದ ಮುಂದೆ ಕೂತು ಅತ್ತೆ ಪುಸ್ತಕ ಬಿಚ್ಚಿದರು. ಎರಡು ಸಾಲು ಚೆನ್ನಾಗಿ ಬಂತು. ಮೂರನೆಯ ಸಾಲಿನ ನಡುವೆ ದನಿ ನಿಂತಿತು. ಕೊಡ ತುಳುಕಿತು. ಅತ್ತೆ ಉಸಿರು ಎಳೆದುಕೊಂಡು ಮುಂದುವರಿಸಿದರು. ಕೇಳುತ್ತಿದ್ದವರಲ್ಲಿ ಯಾರೂ ಅಲುಗಲಿಲ್ಲ. ಆದರೆ ಒಬ್ಬೊಬ್ಬರೂ ತಂತಮ್ಮ ಉಸಿರನ್ನು ಹಿಡಿದುಕೊಂಡದ್ದು ನನಗೆ ಗೊತ್ತಾಯಿತು. ಮರುದಿನವೂ ಹಾಗೆಯೇ. ಹತ್ತನೆಯ ದಿನ ಎರಡು ಕಡೆ ನಿಂತಿತು. ಹದಿನೈದನೆಯ ದಿನ ಬಾಯಿಗೆ ಬಂದಿದ್ದ ಪದವೇ ಮರೆತು, ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದರು. ನಲವತ್ತು ವರ್ಷದಲ್ಲಿ ಅತ್ತೆ ಪುಸ್ತಕ ತೆರೆದಿಡುತ್ತಿದ್ದದ್ದು ಗೌರವಕ್ಕೆ, ನೋಡಲಿಕ್ಕಲ್ಲ.

ಆ ಸಂಜೆ ಏರಿಯ ಮೇಲೆ ವಾಪಸು ಬರುವಾಗ ಹೇಳಿದರು: "ಮಂಗಳದ ದಿನ ಕೊನೇ ಸಾಲು ಮುರೀತು ಅಂದ್ರೆ ಪೀಠ ಬಿಡ್ತೀನಿ ಕೊಟ್ರೀ. ದೇವರ ಮುಂದೆ ಮುಕ್ಕಾದ ಕಾಯಿ ಇಡ್ತಾರಾ ಯಾರಾದ್ರೂ?"

"ಅನ್ನ ಉಣ್ಣಿ ಅತ್ತೆ. ದನಿ ಬರುತ್ತೆ."

"ಉಂಡ್ರೆ ಮೆಟ್ಟಿಲು ಹತ್ತೋಕಾಗಲ್ಲ. ಉಣ್ಣದಿದ್ರೆ ಸಾಲು ದಾಟೋಕಾಗಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಇನ್ನು ಹದಿನೈದು ದಿನ. ಹಿಡಿದ ಮೇಲೆ ಹಿಡಿದದ್ದೇ."

ಕೊನೆಯ ದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ತಕ್ಕಡಿ ಕಟ್ಟಿದರು. ಅತ್ತೆ ಒಂದು ತಟ್ಟೆಯಲ್ಲಿ ಕೂತರು. ಇನ್ನೊಂದರಲ್ಲಿ ಅಕ್ಕಿ ಸುರಿಯತೊಡಗಿದರು. ಹೋದ ವರ್ಷಕ್ಕಿಂತ ಹನ್ನೊಂದು ಕಿಲೋ ಮೊದಲೇ ಅತ್ತೆಯ ತಟ್ಟೆ ಮೇಲೆದ್ದುಬಿಟ್ಟಿತು. ಅಡುಗೆಯವರು ಮುಖ ಮುಖ ನೋಡಿಕೊಂಡರು.

"ಇದು ಸರಿಹೋಗಲ್ಲ" ಎಂದರು ಉಜ್ಜಿನಪ್ಪ. "ಕೊನೇ ಪಂಕ್ತಿಗೆ ಏನು ಬಡಿಸೋದು, ಗಂಜಿನಾ?"

"ಮೇಲಿಂದ ಅಕ್ಕಿ ಹಾಕ್ಕೊಳ್ಳಿ ಯಜಮಾನ್ರೇ" ಎಂದರು ಅತ್ತೆ.

"ತೂಗಿದ್ದೇ ಬೇಯಬೇಕು, ಹಿರಿಯರ ಮಾತು. ನಿಮ್ಮದೇ ಇನ್ನೊಂದಿಷ್ಟು ನಿಮ್ಮ ಜಗುಲಿ ಮೇಲೆ ಕೂತೈತಲ್ಲ. ಅದನ್ನ ಬಿಟ್ಟು ತೂಗಿದ್ರೆ ಅರ್ಧ ಜನಾನ ಬಿಟ್ಟು ತೂಗಿದ ಹಾಗೆ." ಹೀಗೆಂದವರೇ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಮನೆಯ ಕಡೆ ಹೊರಟೇಬಿಟ್ಟರು. ಹಿಂದೆ ಓಲಗದವರು.

ಆ ಮೊರಗಳ ಲೆಕ್ಕ ನನಗಲ್ಲದೆ ಇನ್ಯಾರಿಗೆ ಗೊತ್ತು? ಜನರ ಹಿಂದಕ್ಕೆ ಸರಿದು ನಿಂತೆ.

ಸ್ವಲ್ಪ ಹೊತ್ತಿಗೆ ಓಲಗ ವಾಪಸು ಬಂತು. ಉಜ್ಜಿನಪ್ಪನವರ ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು ಜನ ಸರಿದರು. ಏರಿಯ ಮಣ್ಣಿನ ಮೇಲೆ ಹೆಜ್ಜೆಗಳು ಆಳವಾಗಿ ಬೀಳುತ್ತಿದ್ದವು. ಅದು ತಕ್ಕಡಿಯ ಹತ್ತಿರ ಬಂತು. ಅತ್ತೆ ಕಣ್ಣು ಮುಚ್ಚಿಕೊಂಡರು. ಸೀರೆಯ ನೆರಿಗೆಗಳು ಬಿಗಿದವು, ಮೊಣಕೈಗೆ ಜಾರಿದ್ದ ಬಳೆ ನಿಂತಲ್ಲೇ ಕಚ್ಚಿತು. ತಟ್ಟೆ ದಬ್ಬೆಂದು ನೆಲಕ್ಕೆ ಬಡಿಯಿತು.

ಅಕ್ಕಿ ಸುರಿದರು. ಹೋದ ವರ್ಷದಷ್ಟು ಸುರಿದರು. ಅತ್ತೆಯ ತಟ್ಟೆ ಏಳಲಿಲ್ಲ. ಮತ್ತೆ ಮೂರು ಕಿಲೋ ಸುರಿದ ಮೇಲೆ ಮುಳ್ಳು ನೆಟ್ಟಗಾಯಿತು.

"ಅಬ್ಬಬ್ಬಾ, ಬಡ್ಡಿ ಸಮೇತ ಬಂದೈತೆ!" ಎಂದು ಖಾಸಿಂಬಿ ಕೂಗಿದಳು. ಏರಿಯ ಮೇಲಿದ್ದ ಜನವೆಲ್ಲ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. ಕಣ್ಣು ಬಿಟ್ಟು ನೇರ ನನ್ನನ್ನೇ ನೋಡಿದರು.

ಮೆಟ್ಟಿಲು ಹತ್ತಿಸುವಾಗ ಅವರ ಪೂರಾ ಭಾರ ನನ್ನ ಹೆಗಲ ಮೇಲಿತ್ತು. ಆರನೆಯ ಮೆಟ್ಟಿಲಲ್ಲಿ ಕೂತರು.

"ಏನು ಹಾಕ್ತಿದ್ದೆ ಅದಕ್ಕೆ?"

"ಮಂಡಕ್ಕಿ."

"ಬರೀ ಮಂಡಕ್ಕಿನಾ?"

"ಬೆಲ್ಲ. ಆಮೇಲೆ ಬೀದಿಯವರು ಒಬ್ಬಟ್ಟು..."

"ದಿನಾನೂ?"

"ಜಗುಲಿ ಮೇಲೆ ಕೂತವರನ್ನ ಹಾಗೇ ಬಿಡೋಕಾಗುತ್ತಾ ಅತ್ತೆ?" ಎನ್ನುವಷ್ಟರಲ್ಲಿ ನನಗೆ ಅಳು ಬಂತು.

ಅತ್ತೆಯ ಹೊಟ್ಟೆ ಅಲುಗಾಡತೊಡಗಿತು. ನಗುತ್ತಿದ್ದರು. "ನಾನು ಒಳಗೆ ಸೌತೆಕಾಯಿ ಕಡೀತಿದ್ದೆ, ನನ್ನ ತೂಕ ಹೊರಗೆ ಒಬ್ಬಟ್ಟು ಹೊಡೀತಿತ್ತು! ಎದ್ದೇಳು, ಕಣ್ಣು ಒರೆಸ್ಕೋ. ನೀನು ಹಾಕದಿದ್ರೂ ಅದು ವಾಪಸು ಬರ್ತಿತ್ತು ಕಣೆ. ಹೇಳದೆ ಓಡಿಸಿದ್ದೆನಲ್ಲ, ಎಲ್ಲಿಗೆ ಹೋಗುತ್ತೆ ಪಾಪ."

ಮಧ್ಯಾಹ್ನ ಮಂಗಳ. ಓದುವವರು ಮಂಗಳ ಆಗುವವರೆಗೆ ಆ ದಿನ ಏನೂ ತಿನ್ನುವಂತಿಲ್ಲ. ತೂಕವೇನೋ ಮೈಗೆ ಬಂದಿತ್ತು, ಕಸುವು ಬಂದಿರಲಿಲ್ಲ. ಅತ್ತೆ ಪೀಠದ ಮುಂದೆ ಕೂತು ಶುರುಮಾಡಿದರು, ನಾನು ಹತ್ತಿರವೇ ಕೂತಿದ್ದೆ. ಮೊದಲ ಸಾಲು, ಎರಡನೆಯದು. ಮೂರನೆಯ ಸಾಲನ್ನು ಕಣ್ಣು ಮುಚ್ಚಿ, ಕೊರಳಿನ ನರ ಎದ್ದು ಕಾಣುವ ಹಾಗೆ ಹೇಗೋ ದಾಟಿದರು. ಅಷ್ಟರಲ್ಲೇ ಇದ್ದ ಕಸುವೆಲ್ಲ ಮುಗಿದುಹೋಯಿತು ಅನ್ನಿಸುತ್ತದೆ. ನಾಲ್ಕು, ಐದು. ಆರನೆಯದಕ್ಕೆ ಉಸಿರು ಎಳೆದುಕೊಂಡು ಹೊರಟರು. ಅರ್ಧಕ್ಕೆ ದನಿ ಸಣ್ಣಗಾಯಿತು, ಎಣ್ಣೆ ತೀರಿದ ದೀಪದ ಹಾಗೆ. ಇನ್ನು ಒಂದು ಮಾತ್ರೆ, ಮುರಿಯುತ್ತದೆ.

ನನಗೆ ನಮ್ಮಪ್ಪ ನೆನಪಾಗಲಿಲ್ಲ, ಬೀಗ ನೆನಪಾಗಲಿಲ್ಲ. ಅವರ ದನಿ ಇನ್ನೂ ಗಾಳಿಯಲ್ಲಿರುವಾಗಲೇ ನನ್ನ ಬಾಯಿ ತೆರೆದುಕೊಂಡಿತು. ಅದೇ ಶ್ರುತಿ, ಅದೇ ಎಳೆತ. ಸಾಲಿನ ಉಳಿದರ್ಧ ನನ್ನ ಗಂಟಲಿನಿಂದ ಹೊರಟು ಕೊನೆಯ ಗುರು ಅಕ್ಷರದ ಮೇಲೆ ಹೋಗಿ ನಿಂತಿತು. ಕೆಳಗೆ ಅನ್ನ ಬಸಿಯುವ ಸದ್ದು ಮಾತ್ರ ಮೇಲಕ್ಕೆ ಬರುತ್ತಿತ್ತು.

ನಾನು ತಲೆ ತಗ್ಗಿಸಿದೆ. ಉಜ್ಜಿನಪ್ಪ ಏನೆನ್ನುತ್ತಾರೋ, ಊರು ಏನೆನ್ನುತ್ತದೋ. ಅತ್ತೆ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡರು.

"ಮುರೀತಾ ಅತ್ತೆ?" ಎಂದು ಪಿಸುಗುಟ್ಟಿದೆ.

"ಮುರೀಲಿಲ್ಲ. ಕೈ ಬದಲಾಯ್ತು, ಅಷ್ಟೆ. ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೆ ಇದನ್ನ?" ಎಂದವರು ದನಿ ಏರಿಸಿದರು: "ನಡೀರಿ, ಅನ್ನ ಆರುತ್ತೆ. ನನಗೂ ಎಲೆ ಹಾಕಿ."

ಆ ದಿನ ಅವರು ಬಿಸಿ ಅನ್ನಕ್ಕೆ ಸಾರು ಕಲಸಿ ಬಾಯಿಗಿಟ್ಟ ಮೊದಲ ತುತ್ತನ್ನು ಎಷ್ಟು ಹೊತ್ತು ಅಗಿದರೆಂದರೆ, ಪಕ್ಕದವರ ಎಲೆ ಅರ್ಧ ಮುಗಿದಿತ್ತು.

ಮರುವಾರ ಅವರೇ ಡಾಕ್ಟರ ಹತ್ತಿರ ಹೋದರು. "ಆ ಒಂದು ಹಿಡಿ ಅಂದ್ರಲ್ಲ, ಅದು ನಿಮ್ಮ ಹಿಡಿನೋ ನನ್ನ ಹಿಡಿನೋ ಡಾಕ್ಟ್ರೇ?" ಎಂದು ಕೇಳಿದರಂತೆ. ಮುದ್ದೆ ಸಣ್ಣದಾಯಿತು, ಇಲ್ಲವಾಗಲಿಲ್ಲ. ಸೊಪ್ಪಿನ ಸಾರು, ಕಾಳು, ಪಲ್ಯ ಜಾಸ್ತಿಯಾಯಿತು. ಸಂಜೆ ನಾವಿಬ್ಬರೂ ಏರಿಯ ಮೇಲೆ ನಡೆಯುತ್ತಿದ್ದೆವು. ಒಂದು ಪದ್ಯ ಅವರು, ಒಂದು ಪದ್ಯ ನಾನು. ಉದ್ದದ ಸಾಲು ಬಂದಾಗ ನಿಂತು ಹೇಳಿ, ಮತ್ತೆ ಹೆಜ್ಜೆ. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಸಂಜೆಗಳು ಬರಲಿಲ್ಲ. ಮನೆ ಹತ್ತಿರ ಬರುತ್ತಲೇ ಅತ್ತೆ ನನ್ನನ್ನು ಮುಂದೆ ಕಳಿಸಿ, ಮೂಲೆಯಲ್ಲೇ ನಿಂತು ಕೇಳುತ್ತಿದ್ದರು:

"ನೋಡೇ, ಜಗುಲಿ ಮೇಲೆ ಯಾರೂ ಬಂದಿಲ್ಲ ತಾನೇ?"

"ಯಾರೂ ಇಲ್ಲ ಅತ್ತೆ. ಚಾಪೆ ನೆಟ್ಟಗಿದೆ."

"ಹಾಗಾದ್ರೆ ಸರಿ" ಎಂದು ಮುಂಬಾಗಿಲಿನಿಂದಲೇ ಒಳಗೆ ಬರುತ್ತಿದ್ದರು.

ಮರುವರ್ಷ ಶ್ರಾವಣದಲ್ಲಿ ತಕ್ಕಡಿಗೆ ಹತ್ತು ಕಿಲೋ ಅಕ್ಕಿ ಕಡಿಮೆ ಬಿತ್ತು. ಉಜ್ಜಿನಪ್ಪ ವೀಳ್ಯದ ತಟ್ಟೆ ಹಿಡಿದು ನಮ್ಮ ಜಗುಲಿಗೆ ಹೋಗಿ ಬರಿಗೈಯಲ್ಲಿ ಬಂದರು. "ನಿಮ್ಮ ಮಂಡಿ ಉದ್ಧಾರ ಆಯ್ತು, ನಮ್ಮ ಪಂಕ್ತಿ ಹಾಳಾಯ್ತು ನಾಗಲಕ್ಕ" ಎಂದರು. ಕೊನೆಯ ಪಂಕ್ತಿಗೆ ಅನ್ನದ ಜೊತೆ ಖಾಸಿಂಬಿಯ ಮಂಡಕ್ಕಿ ಬಂತು. ಅದೂ ಅಕ್ಕಿಯೇ ತಾನೇ ಎಂದು ಹಿರಿಯರು ಒಪ್ಪಿದರು. ಈಗಲೂ ಹಾಗೇ ನಡೆದಿದೆ. ಆ ವರ್ಷ ಅತ್ತೆ ಎರಡು ಕಡೆ ನಿಂತು ಮೆಟ್ಟಿಲು ಹತ್ತಿದರು, ಉದ್ದದ ಸಾಲಿನಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ಓದು ಕೇಳಲೆಂದು ಬಂದಿದ್ದ ಸರ್ವಮಂಗಳಮ್ಮ ಮತ್ತೆ ಬಾಗಿಲು ತುಂಬ ಬಂದಿದ್ದರು. "ಹೇಳದೆ ಕೇಳದೆ ವಾಪಸು ಬಂದುಬಿಡ್ತು ಕಣಕ್ಕ" ಎಂದು ಅಲವತ್ತುಕೊಂಡರು. "ನಮ್ಮೂರಲ್ಲಿ ಜಗುಲಿ ಮೇಲಾದ್ರೂ ಕೂತು ಮುಖ ತೋರಿಸುತ್ತೆ" ಎಂದು ಅತ್ತೆ ಅವರಿಗೆ ಒಂದು ಸಣ್ಣ ಮುದ್ದೆ ಬಡಿಸಿದರು.

ಅತ್ತೆ ಆಮೇಲೆ ಹತ್ತೊಂಬತ್ತು ವರ್ಷ ಇದ್ದರು. ಕೊನೆಯ ವರ್ಷಗಳಲ್ಲಿ ಮುಪ್ಪಿಗೆ ಕರಗುತ್ತ ಬಂದರು, ದಿನಕ್ಕೆ ಒಂದು ಚಿಟಿಕೆಯ ಹಾಗೆ. ಮೊದಲು ಮೆಟ್ಟಿಲು ಬಿಟ್ಟರು, ಆಮೇಲೆ ಏರಿ ಬಿಟ್ಟರು, ಆಮೇಲೆ ಅಂಗಳ. ಹಾಸಿಗೆಯಲ್ಲಿ ಮಲಗಿ ನಾನು ಓದುವುದನ್ನು ಕೇಳುತ್ತಿದ್ದರು, ಬಾಯಿಗೆ ಬೀಗ ಹಾಕಿಕೊಂಡು. ಒಂದು ಮಧ್ಯಾಹ್ನ ಉದ್ದದ ಸಾಲೊಂದನ್ನು ಮುಗಿಸಿ ನೋಡಿದೆ, ಹೋಗಿಬಿಟ್ಟಿದ್ದರು. ಎತ್ತುವಾಗ ಹೂವಿನ ಬುಟ್ಟಿಯಷ್ಟೇ ಭಾರ.

ಈಗಲೂ ಸಂಜೆ ಒಬ್ಬಳೇ ಏರಿಯ ಮೇಲೆ ನಡೆದು ಬರುತ್ತೇನೆ. ಮೂಲೆ ತಿರುಗಿದೊಡನೆ ಕಣ್ಣು ಮೊದಲು ಹೋಗುವುದು ಜಗುಲಿಯ ಚಾಪೆಯ ಮೇಲೆ. ಅವಸರದಲ್ಲಿ ಹೋಗಿದ್ದರೆ ಒಂದಿಷ್ಟಾದರೂ ಅಲ್ಲಿ ಬಂದು ಕೂತಿರುತ್ತಿತ್ತು. ಅಷ್ಟು ನಿಧಾನವಾಗಿ ಹೋದರಲ್ಲ. ಚಾಪೆ ನೆಟ್ಟಗೇ ಇರುತ್ತದೆ.